ತೊಟ್ಟಿಲ ಸಾಲಿನಿಂದ ಜಾರಿದ ಐದು ಹೆಸರು

ನಮ್ಮೂರಿನ ಕಸಬರಿಗೆಗಳೆಲ್ಲ ಒಂದು ಸಲ ನಿದ್ದೆ ಹೋಗಿದ್ದವು ಎಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ಕಸಬರಿಗೆ ಕಟ್ಟಿ ಬದುಕುವವಳು ನಾನು, ಹೆಸರು ಹುಲಿಗೆವ್ವ. ಮಲಗಿದ ಕಸಬರಿಗೆಯನ್ನು ಕೈಯಲ್ಲಿ ಹಿಡಿದವಳಿಗೆ ನಗು ಬರುವುದಿಲ್ಲ. ಹಿಡಿ ಬೆಚ್ಚಗಿತ್ತು. ಕಡ್ಡಿಗಳು ಮೆತ್ತಗಾಗಿ ಒಂದರ ಮೇಲೊಂದು ಒರಗಿದ್ದವು. ನೆಲಕ್ಕೆ ತಾಗಿಸಿದರೆ ಕಸ ಇದ್ದಲ್ಲೇ ಇರುತ್ತಿತ್ತು, ಕಸಬರಿಗೆ ಮಾತ್ರ ಮಗ್ಗುಲು ಬದಲಿಸುತ್ತಿತ್ತು. ಆದರೆ ಇದು ನನ್ನ ಕಥೆಯಲ್ಲ, ದಾಕ್ಷಾಯಿಣಿಯದು. ಅವಳು ಆಮೇಲೆ ನನ್ನ ಅಂಗಳದಲ್ಲಿ ಕೂತು ಹೇಳಿದ್ದನ್ನೂ ನಾನೇ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ದಾಕ್ಷಾಯಿಣಿ ನಮ್ಮೂರ ಸಂಘದ ಪಟ್ಟಿಗಾರ್ತಿ. ಊರಲ್ಲಿ ಏನೇನು ತಯಾರಾಗುತ್ತದೋ ಅದೆಲ್ಲ ಸಂಘದ ಕಂಪ್ಯೂಟರಿನ ಪಟ್ಟಿಯಲ್ಲಿರುತ್ತದೆ. ಒಂದು ವಸ್ತುವಿಗೆ ಒಂದು ಸಾಲು. ಆ ಸಾಲಿನಲ್ಲಿ ಹೆಸರಿಗೊಂದು ಮನೆ, ಅಳತೆಗೊಂದು ಮನೆ, ವರ್ಣನೆಗೊಂದು ಮನೆ. ಪರ ಊರಿನವರು ಅದನ್ನು ನೋಡಿ ಬೇಕಾದ್ದು ತರಿಸಿಕೊಳ್ಳುತ್ತಾರೆ. ಬೇರೆ ಕಡೆ ವಸ್ತುವನ್ನು ನೋಡಿ ಪಟ್ಟಿ ಬರೆಯುತ್ತಾರಂತೆ. ನಮ್ಮಲ್ಲಿ ಪಟ್ಟಿಯಲ್ಲಿ ಹೇಗಿದೆಯೋ ವಸ್ತು ಹಾಗೆ ಆಗುತ್ತದೆ. ಕಂಬಳಿಯ ಯಲ್ಲಪ್ಪ ಒಮ್ಮೆ ತನ್ನ ಕಂಬಳಿಗೆ ‘ಬೆಣ್ಣೆಯಂತೆ ಮೃದು’ ಎಂದು ಬರೆಸಿದ. ಬಿಸಿಲಿಗೆ ಹಾಕಿದ ಹನ್ನೆರಡು ಕಂಬಳಿ ಕರಗಿ ಕಟ್ಟೆಯಿಂದ ಇಳಿದವು, ಬೀದಿನಾಯಿಗಳು ನೆಕ್ಕಿ ಹೋದವು. ಅಂದಿನಿಂದ ನಮ್ಮೂರಲ್ಲಿ ಯಾರೂ ತಮ್ಮ ಸರಕನ್ನು ಹೊಗಳುವುದಿಲ್ಲ. ಕಂಬಳಿಗೆ ಕಂಬಳಿ ಎಂದಷ್ಟೇ ಬರೆಸುತ್ತಾರೆ, ಚುಚ್ಚುತ್ತದೆ ಎಂದೂ ಬರೆಸುತ್ತಾರೆ.

ಹೊರಗಿನವರ ಕಣ್ಣಿಗೆ ಪಟ್ಟಿ ಚಂದ ಕಾಣಲಿ ಎಂದು ವರ್ಣನೆಯೊಳಗೆ ಗುರುತು ಹಾಕುವ ಪದ್ಧತಿ ಆಮೇಲೆ ಬಂತು. ಮಾತಿನ ಮುಂದೊಂದು, ಹಿಂದೊಂದು, ಎರಡು ಕೋನಗಳ ನಡುವೆ ಸಿಕ್ಕಿಸಿದ ಅಕ್ಷರ. ಓದಿದವರು ಅದನ್ನು ಎಚ್‌ಟಿಎಂಎಲ್ ಎನ್ನುತ್ತಾರೆ, ನಾವು ಚಿಲಕ ಎನ್ನುತ್ತೇವೆ. ದಪ್ಪ ಚಿಲಕದೊಳಗೆ ಇಟ್ಟ ಮಾತು ದಪ್ಪಗೆ ಕಾಣುತ್ತದೆ, ಓರೆ ಚಿಲಕದೊಳಗಿನದು ವಾಲಿಕೊಂಡು ಕಾಣುತ್ತದೆ. ಚಿಲಕ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಟ್ಟಿಯ ಮೊದಲನೇ ಸಾಲು ತೊಟ್ಟಿಲಿನದು. ಅದು ಮಾರುವುದಕ್ಕಲ್ಲ. ಊರಿಗೆಲ್ಲ ಅದೊಂದೇ. ಕೂಸು ಹುಟ್ಟಿದ ಹದಿಮೂರನೇ ದಿನ ಅದರಲ್ಲಿ ಹಾಕಿ, ಸೋದರತ್ತೆ ಕಿವಿಯಲ್ಲಿ ಹೆಸರು ಕರೆಯುತ್ತಾಳೆ. ಪಟ್ಟಿಗಾರ್ತಿ ಆ ಹೆಸರನ್ನು ತೊಟ್ಟಿಲಿನ ವರ್ಣನೆಯ ಕೊನೆಗೆ ಸೇರಿಸುತ್ತಾಳೆ. ಹೆಸರು ಸೇರಿತೋ, ಆ ಜೀವಕ್ಕೆ ಆಯುಷ್ಯಕ್ಕಾಗುವಷ್ಟು ನಿದ್ದೆ ಸಿಕ್ಕಿತು. ಆಮೇಲೆ ಅದು ಚಾಪೆಯ ಮೇಲೆ ಮಲಗಲಿ, ಸಂತೆಯ ಗದ್ದಲದಲ್ಲಿ ಮಲಗಲಿ. ಸತ್ತವರ ಹೆಸರೂ ಅಲ್ಲೇ ಉಳಿಯುತ್ತದೆ. ಅವರದೂ ನಿದ್ದೆಯೇ ಅಲ್ಲವೇ? ಹಿಂದೊಬ್ಬ ಗುಮಾಸ್ತ ಜಾಗ ಉಳಿಸಲು ಹೋಗಿ ಸತ್ತವನೊಬ್ಬನ ಹೆಸರು ಅಳಿಸಿದ. ಮರುದಿನ ಬೆಳಗ್ಗೆ ಸುಡುಗಾಡಿನ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ಅದರ ಹಿಂದೆಯೇ “ಚಾ ಆಗೇತೇನು?” ಎಂಬ ದನಿ. ಗುಮಾಸ್ತ ಬಿದ್ದಂಬೀಳ ಓಡಿಬಂದು ಹೆಸರು ತಿರುಗಿ ಬರೆದ. ಅಂದಿನಿಂದ ಸತ್ತವರ ಹೆಸರಿಗೆ ಯಾರೂ ಕೈ ಹಚ್ಚುವುದಿಲ್ಲ.

ಒಂದು ಹೆಸರು ಇನ್ನೊಂದಕ್ಕೆ ಅಂಟಬಾರದೆಂದು ಪ್ರತಿ ಹೆಸರಿಗೂ ಒಂದು ಸಾದಾ ಚಿಲಕ ಬೇಕೇ ಬೇಕು, ಇಲ್ಲದಿದ್ದರೆ ಇಬ್ಬರಿಗೆ ಒಂದೇ ನಿದ್ದೆಯಾಗಿ ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಬೇಕಾಗುತ್ತದೆ. ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಜನಕ್ಕೆ ಆಸೆ ಹತ್ತಿತು. ಹೆಸರನ್ನು ದಪ್ಪ ಚಿಲಕದಲ್ಲಿ ಇಡಿಸಿಕೊಂಡವರಿಗೆ ಸಿಡಿಲು ಬಡಿದರೂ ಎಚ್ಚರವಾಗದ ನಿದ್ದೆ. ಓರೆ ಚಿಲಕದವರಿಗೆ ಕೂತಲ್ಲೇ ಗೋಡೆಗೆ ಒರಗಿ ನಿದ್ದೆ. ನಾನು ಮಾಡಿಸಿಕೊಂಡದ್ದು ಅದೇ, ಸಂತೆಗೆ ಹೋಗುವವಳಿಗೆ ಅನುಕೂಲವೆಂದು. ಬಣ್ಣದ ಚಿಲಕದವರಿಗೆ ಬಣ್ಣದ ಕನಸು. ಸಂಘದ ಅಧ್ಯಕ್ಷ ನಿಂಗನಗೌಡರ ಹೆಸರಿಗೆ ದಪ್ಪ, ದೊಡ್ಡದು, ಕೆಂಪು ಮೂರೂ ಇದ್ದವು, ಅವರ ಗೊರಕೆ ಮೂರು ಓಣಿ ದಾಟುತ್ತಿತ್ತು. ಇನ್ನು ದಾಕ್ಷಾಯಿಣಿ. ಎಲ್ಲರಿಗೂ ‘ಸಾಕು, ಸಾಕು’ ಎನ್ನುತ್ತಿದ್ದ ಅವಳು, ಇದೆಲ್ಲ ಆಗುವ ಮೂರು ತಿಂಗಳ ಮುಂಚೆ ತಮ್ಮನ ಮಗಳಿಗೆ ಸರ್ವಮಂಗಳಾ ಎಂದು ಹೆಸರು ಕರೆದು, ಆ ಹೆಸರನ್ನು ಬಂಗಾರದ ಬಣ್ಣದ, ಹೂಬಳ್ಳಿಯ ಅಂಚಿನ ಚಿಲಕದಲ್ಲಿ ಇಟ್ಟಳು. ಮದುವೆ ಮಕ್ಕಳು ಏನೂ ಇಲ್ಲದವಳು, ಸೊಸೆಯೆಂದರೆ ಪ್ರಾಣ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾನು ಆಗಲೇ ಅಂದಿದ್ದೆ.

ಇನ್ನೊಂದು ಚಿಲಕದ ಸುದ್ದಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಲಾಡಸಾಬ ಕಾಕಾ ಹಳೆಯ ಮುದ್ರಣಾಲಯದಲ್ಲಿ ನಲವತ್ತು ವರ್ಷ ಸೀಸದ ಮೊಳೆ ಜೋಡಿಸಿದವರು, ಒಂದು ಮೊಳೆಗೆ ಒಂದು ಅಕ್ಷರ. ಹೆಂಡತಿ ಮಾಲನಬಿ ತೀರಿಕೊಂಡಾಗ ಅವರು ಊಟ ಬಿಟ್ಟುಬಿಟ್ಟರು. ಹೀಗೇ ಆದರೆ ಇವರೂ ಹೋಗುತ್ತಾರೆ ಎಂದು ಹೆದರಿದ ದಾಕ್ಷಾಯಿಣಿ, ಯಾರಿಗೂ ಹೇಳದೆ ಕಾಕಾನ ಹೆಸರಿನಿಂದ ಮಾಲನಬಿಯ ಹೆಸರಿಗೆ, ಓದಿದವರು ಲಿಂಕ್ ಎನ್ನುತ್ತಾರಲ್ಲ, ಅಂಥ ಒಂದು ಕೊಂಡಿ ಹಾಕಿದಳು. ಕೊಂಡಿ ಸಾದಾ ಚಿಲಕಕ್ಕಿಂತ ಬಹಳ ಉದ್ದನೆಯದು, ಎಲ್ಲಿಗೆ ಹೋಗಬೇಕೆಂಬ ವಿಳಾಸವೆಲ್ಲ ಅದರೊಳಗೇ ಇರಬೇಕು. ಅಂದಿನಿಂದ ಎಂಟು ವರ್ಷ, ಕಾಕಾ ಕಣ್ಣು ಮುಚ್ಚಿದರೆ ಮಾಲನಬಿ ಎದುರಿಗೆ. ಅವಳ ದೊಡ್ಡ ನಿದ್ದೆ, ಇವರ ಸಣ್ಣ ನಿದ್ದೆ, ಎರಡಕ್ಕೂ ಒಂದೇ ಕನಸು. ಬೆಳಗ್ಗೆ ಸಂಘಕ್ಕೆ ಬಂದು “ಇವತ್ತೂ ಬೈದ್ಲು ನೋಡು ತಂಗಿ, ಅಂಗಿಗೆ ಗುಂಡಿ ಹಚ್ಚಿಕೊಂಡಿಲ್ಲ ಅಂತ” ಎಂದು ದಾಕ್ಷಾಯಿಣಿಗೆ ಹೇಳಿ, ಖುಷಿಯಿಂದ ಚಾ ಕುಡಿದು ಹೋಗುತ್ತಿದ್ದರು.

ಹೋದ ವರ್ಷ ಸಂಘದ ಹಳೆಯ ಕಂಪ್ಯೂಟರು ಏದುಸಿರು ಬಿಡತೊಡಗಿತು. ಹೊಸದು ಬಂತು. ಹಳೆಯದರಿಂದ ಪಟ್ಟಿಯನ್ನು ಸ್ಪ್ರೆಡ್‌ಶೀಟ್ ಹಾಳೆಗೆ ಇಳಿಸಬೇಕು, ಹಾಳೆಯಿಂದ ಹೊಸದಕ್ಕೆ ಏರಿಸಬೇಕು. ಹೊಸದು ಬೇರೆ ಯಾವ ದಾರಿಯಲ್ಲೂ ಏನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಏರಿಸುವ ಮುಂಚೆ ಹಾಳೆಯನ್ನು ಗಟ್ಟಿಯಾಗಿ ಓದುವುದು ನಮ್ಮ ಪದ್ಧತಿ. ದಾಕ್ಷಾಯಿಣಿ ಓದುತ್ತಾಳೆ, ವಸ್ತುವಿನವರು ಎದುರಿಗೆ ಕೂತು “ಐತಿ” ಅನ್ನಬೇಕು. ತೊಟ್ಟಿಲಿನ ಸಾಲಿಗೆ ಊರೇ ಕೂಡಿ “ಐತಿ” ಅನ್ನಬೇಕು. ಆದರೆ ಸಾವಿರದ ಮುನ್ನೂರು ಹೆಸರು ಕೇಳುವ ವ್ಯವಧಾನ ಯಾರಿಗಿದೆ? ಹತ್ತು ಹೆಸರಾಗುವಷ್ಟರಲ್ಲಿ ಎಲ್ಲರೂ “ಐತಿ, ಐತಿ, ಮುಂದಿಂದು ಓದು” ಎಂದುಬಿಡುತ್ತಾರೆ. ನನ್ನ ಕಸಬರಿಗೆಯ ಸಾಲು ತೊಟ್ಟಿಲಿನ ಕೆಳಗಿನದು. “ಈಚಲ ಗರಿಯ ಕಸಬರಿಗೆ, ಎರಡು ಮೊಳ” ಎಂದು ಅವಳು ಓದುತ್ತಲೇ ನಾನೂ “ಐತಿ” ಎಂದು ಎದ್ದು ಹೊರಟೆ, ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ. ಊರವರೂ ನಾನೂ ಕೊನೆಯವರೆಗೆ ಕೇಳಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಪಟ್ಟಿ ಏರಿತು. ಚಾ ಹೊತ್ತಿಗೆ ಊರ ಕಸಬರಿಗೆಗಳೆಲ್ಲ ಮಲಗಿದವು. ಅದೇ ಹೊತ್ತಿಗೆ ಊರಿನ ಐದು ಕೂಸುಗಳು ಕಣ್ಣು ಬಿಟ್ಟವು, ಮತ್ತೆ ಮುಚ್ಚಲಿಲ್ಲ. ಐದೂ ಆ ವರ್ಷ ಹುಟ್ಟಿದವು, ಕೊನೆಯದು ಸರ್ವಮಂಗಳಾ. ಅತ್ತಿದ್ದರೆ ವಾಸಿಯಿತ್ತು, ಅಳಲಿಲ್ಲ. ಜೋಗುಳ ಹಾಡಿದರೆ ಹಾಡಿದವರನ್ನು ನೋಡಿದವು, ತೂಗಿದರೆ ತೂಗುವ ಹಗ್ಗವನ್ನು ನೋಡಿದವು. ಪರ ಊರಿನ ಡಾಕ್ಟರು ಬಂದು ಎಲ್ಲ ಸರಿಯಿದೆ ಎಂದು ಹೋದರು. ಗುರುವಾರ ಸರ್ವಮಂಗಳಾ ಹಾಲು ಬಿಟ್ಟಳು. ಶುಕ್ರವಾರದ ಹೊತ್ತಿಗೆ ಕೂಸಿನ ಕೆನ್ನೆ ಇಳಿದು, ಮುಖದ ತುಂಬ ಎರಡು ಕಣ್ಣೇ ಉಳಿದವು.

“ಅಕ್ಕಾರ, ಇಕಿ ಇಷ್ಟ ಯಾಕ ನೋಡಾಕತ್ತಾಳ? ಎಲ್ಲಾನೂ ಈಗಲೇ ನೋಡಿ ಮುಗಸೂದು ಐತೇನು?” ಎಂದು ಕೂಸಿನ ತಾಯಿ ಶಕುಂತಲಾ ದಾಕ್ಷಾಯಿಣಿಯನ್ನು ಕೇಳಿದಳಂತೆ. ದಾಕ್ಷಾಯಿಣಿ ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಪಟ್ಟಿ ಏರಿಸಿದವಳು ತಾನು.

ಅವತ್ತೇ ನಾನು ದಾಕ್ಷಾಯಿಣಿಯ ಮನೆಗೆ ಹೋದದ್ದು ಜಗಳಕ್ಕೆ. ಕಂಕುಳಲ್ಲಿ ಒಂದು ಮಲಗಿದ ಕಸಬರಿಗೆ, ಬಾಯಲ್ಲಿ ನಾಲ್ಕು ಬಿರುಸು ಮಾತು ಇಟ್ಟುಕೊಂಡು ಹೋದವಳು, ತೊಡೆಯ ಮೇಲಿನ ಕೂಸನ್ನು ಕಂಡು ಬಾಯಿ ಮುಚ್ಚಿದೆ. ಆಮೇಲೆ ಅದರ ಬಲಗೈ ನೋಡಿದೆ. ಹೊರಗಿನಿಂದ ಒಳಗೆ, ಹೊರಗಿನಿಂದ ಒಳಗೆ, ತುಸು ಮಣಿಕಟ್ಟು ತಿರುವಿ. ನಲವತ್ತು ವರ್ಷ ಕಸಬರಿಗೆ ಕಟ್ಟಿದವಳಿಗೆ ಆ ಕೈ ಗೊತ್ತಾಗುವುದಿಲ್ಲವೇ?

“ದಾಕ್ಷಾಯಿಣಿ, ಈ ಕೈ ನೋಡಿಯೇನು?”

“ಕೈಗೇನಾಗೇತಿ ಅಕ್ಕಾ?”

“ಯವ್ವಾ, ಇದು ಗುಡಸೋ ಕೈ! ನನ್ನ ಕಸಬರಿಗಿ ಮಲಗ್ಯಾವ, ನಿಮ್ಮ ಕೂಸು ಗುಡಸಾಕತ್ತೇತಿ. ನಿನ್ನ ಪಟ್ಟ್ಯಾಗ ಎಲ್ಲೋ ಅದಲಿಬದಲಿ ಆಗೇತಿ, ಹೋಗಿ ನೋಡು.”

ಅವಳು ಚಪ್ಪಲಿ ಮೆಟ್ಟದೆ ಓಡಿದಳು, ಅವಳ ಹಿಂದೆ ನಾನು. ಸಂಘದಲ್ಲಿ ಹಾಳೆ ತೆರೆದು, ತೊಟ್ಟಿಲಿನ ವರ್ಣನೆಯನ್ನು ಹತ್ತಕ್ಕೆ ನಿಲ್ಲಿಸದೆ ಕೊನೆಯವರೆಗೆ ಓದಿದಳು. ಕೊನೆಯಲ್ಲಿ ಒಂದು ಚಿಲಕ ಅರ್ಧಕ್ಕೆ ತುಂಡಾಗಿ ನಿಂತಿತ್ತು. ಐದು ಹೆಸರು ಇರಲಿಲ್ಲ. ಕೆಳಗಿನ ಸಾಲಿಗೆ ಹೋದಳು. ಈಚಲ ಗರಿಯ ಕಸಬರಿಗೆ, ಎರಡು ಮೊಳ, ಅದರ ಬಾಲದಲ್ಲಿ ಐದೂ ಹೆಸರು ಸಾಲಾಗಿ ಬಿದ್ದಿದ್ದವು, ಕಟ್ಟಕಡೆಗೆ ಬಂಗಾರದ ಚಿಲಕದ ಸರ್ವಮಂಗಳಾ. ಮೇಲಿನ ಮನೆ ತುಂಬಿ, ಹಿಡಿಸಲಾರದ್ದು ಕೆಳಗಿನ ಮನೆಗೆ ಚೆಲ್ಲಿತ್ತು.

ಕತ್ತರಿಸಿ ಮೇಲಿಟ್ಟಳು. ಏರಿಸಿದರೆ ಮತ್ತೆ ಚೆಲ್ಲಿತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ಚೆಲ್ಲಿತು. ಆಮೇಲೆ ಐದು ಹೆಸರಿಗೆಂದೇ ಹೊಸ ಸಾಲೊಂದು ಮಾಡಿ ಏರಿಸಿದಳು. ಸಾಲಿದ್ದರೆ ವಸ್ತು ಇರಲೇಬೇಕಲ್ಲ, ಸಂಘದ ಅಂಗಳದಲ್ಲಿ ಏನೋ ಒಂದು ಬಂದು ನಿಂತಿತು. ಅದಕ್ಕೆ ಹೆಸರಿಲ್ಲ, ಅಳತೆಯಿಲ್ಲ, ಆದರೂ ಇತ್ತು. ಹಾಡುಹಗಲು, ಬಿಸಿಲು ಅದರ ಹತ್ತಿರ ಬಂದು ಸುತ್ತು ಹಾಕಿ ಹೋಗುತ್ತಿತ್ತು. ಅಂಗಳದ ನಾಯಿ ಬೊಗಳಲಿಲ್ಲ, ಬಾಲ ಮಡಚಿ ಕೂತಿತು. ದಾಕ್ಷಾಯಿಣಿ ಆ ಸಾಲನ್ನು ಅಳಿಸಿ, ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಆಗ ಬಂದವರು ಲಾಡಸಾಬ ಕಾಕಾ, ದಿನದ ಚಾ ಹೊತ್ತಾಗಿತ್ತು. ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿದರು.

“ಅಚ್ಚಾಗಿ ಬಂದ ಹಾಳಿ ನೋಡಿದ್ರ ತಪ್ಪು ಸಿಗೂದಿಲ್ಲ ತಂಗಿ. ಮೊಳಿ ತೋರಸು ನನಗ. ಬಣ್ಣ ಬ್ಯಾಡ, ಚೌಕಬಾರದಂಥಾ ಮನಿ ಬ್ಯಾಡ. ಬರೇ ಮೊಳಿ.”

ದಾಕ್ಷಾಯಿಣಿಗೆ ಅರ್ಥವಾಯಿತು. ಅದೇ ಹಾಳೆಯನ್ನು ಬರಿ ಅಕ್ಷರ ತೋರಿಸುವ ನೋಟ್‌ಪ್ಯಾಡಿನಲ್ಲಿ ತೆರೆದಳು. ಎಪ್ಪಾ! ನಾನು ಓದು ಬಾರದವಳು, ನಾನೂ ಪರದೆಯ ಹತ್ತಿರ ಮುಖ ಒಯ್ದೆ. ಗೋಡೆಯಿಂದ ಗೋಡೆಗೆ ಹಬ್ಬಿದ ಇರುವೆ ಸಾಲಿನಂತೆ ಅಕ್ಷರಗಳು, ಅಕ್ಷರಗಳ ನಡುವೆ ಎಂದೂ ಕಾಣದಿದ್ದ ಚಿಲಕಗಳು. ದಾಕ್ಷಾಯಿಣಿ ಬೆರಳಿಟ್ಟು ತೋರಿಸಿದಳು, ನಮ್ಮಜ್ಜಿಯ ಹೆಸರು, ಅವಳ ಅಜ್ಜಿಯ ಹೆಸರು, ನನ್ನದು, ನಿನ್ನೆ ಮೊನ್ನೆ ಹುಟ್ಟಿದವರದು, ಸತ್ತವರೂ ಇದ್ದವರೂ ಒಂದೇ ಎಳೆಯಲ್ಲಿ, ಎಲ್ಲೂ ಕಡಿಯದೆ. ದಾಕ್ಷಾಯಿಣಿ ಇಪ್ಪತ್ತು ವರ್ಷ ಆ ಪಟ್ಟಿ ನೋಡಿಕೊಂಡವಳು. ಊರು ಇಷ್ಟು ಉದ್ದವಿದೆ ಎಂದು ಅವತ್ತೇ ಗೊತ್ತಾದದ್ದು ಎಂದಳು. ಕಾಕಾ ಎದ್ದು ನಿಂತು ಟೊಪ್ಪಿಗೆ ಸರಿಮಾಡಿಕೊಂಡರು.

ಆಮೇಲೆ ಕಾಕಾ ಚಿಲಕಗಳ ಮೇಲೆ ಬೆರಳಿಟ್ಟರು. “ಕಣ್ಣಿಗೆ ಕಾಣದ ಮೊಳಿನೂ ಜಾಗಾ ತಿಂತಾವ. ಎರಡು ಶಬ್ದದ ನಡುವ ಖಾಲಿ ಬಿಡ್ತೀವಲಾ, ಅಲ್ಲಿನೂ ಸೀಸದ ತುಂಡು ಇರತೈತಿ. ಓದೋರಿಗೆ ಗೊತ್ತಾಗೂದಿಲ್ಲ, ಚೌಕಟ್ಟಿಗೆ ಗೊತ್ತಿರತೈತಿ. ಈ ಹಾಳ್ಯಾಗ ಒಂದು ಮನಿಗೆ ಎಷ್ಟು ಹಿಡಸ್ತೈತಿ, ಕೇಳು.”

ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು. ಅಕ್ಷರ, ಕೊಂಬು, ಒತ್ತು, ಖಾಲಿ ಜಾಗ, ಚಿಲಕ ಎಲ್ಲ ಸೇರಿ ಅಷ್ಟೇ. ಹಳೆಯ ಕಂಪ್ಯೂಟರಿಗೆ ಆ ಮಿತಿ ಇರಲಿಲ್ಲ, ಹಾಳೆಗೆ ಇತ್ತು. ತೊಟ್ಟಿಲಿನ ಮನೆ ಅದಕ್ಕಿಂತ ಎರಡು ಸಾವಿರದ ನೂರ ನಲವತ್ತು ಹೆಚ್ಚಾಗಿತ್ತು. ಹೆಸರುಗಳಿಂದಲ್ಲ, ನಮ್ಮ ಶೋಕಿಯಿಂದ. ನಮ್ಮ ದಪ್ಪ, ಓರೆ, ಬಣ್ಣದ ಚಿಲಕಗಳು ಆ ಐದು ಕೂಸುಗಳನ್ನು ಹೊರಗೆ ನೂಕಿದ್ದವು. ದಾಕ್ಷಾಯಿಣಿ ಮೊದಲು ಸರ್ವಮಂಗಳೆಯ ಬಂಗಾರದ ಚಿಲಕ ಬಿಚ್ಚಿದಳು. ಅದೊಂದೇ ಮುನ್ನೂರು ಜಾಗ ತಿಂದಿತ್ತು.

ಶನಿವಾರ ಬೆಳಗ್ಗೆ ಸಂಘದ ಅಂಗಳದಲ್ಲಿ ಊರು ಕೂಡಿತು. ಎಲ್ಲರೂ ಚಿಲಕ ಬಿಟ್ಟುಕೊಡಬೇಕು ಎಂದು ದಾಕ್ಷಾಯಿಣಿ ಹೇಳಿದ್ದೇ ತಡ, ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಂದು ಸಣ್ಣದು, ಅವರದು ತಗೀರಿ ಎಂದ ಒಬ್ಬ. ನಾ ಬಣ್ಣದ ಕನಸು ನೋಡಿ ಸೀರಿ ನೇಯ್ತೀನಿ, ನನ್ನ ಕಸುಬೇ ಹೋಗತೈತಿ ಎಂದಳು ಒಬ್ಬಳು. ನಿಂಗನಗೌಡರು ಕುರ್ಚಿಯಿಂದ ಏಳಲಿಲ್ಲ. “ನನ್ನ ನಿದ್ದಿ ನಮ್ಮಪ್ಪ ಮಾಡಿಸಿಕೊಟ್ಟದ್ದು. ಮನೆತನದ ನಿದ್ದಿ ಅದು,” ಎಂದರು. ಮನೆತನದ ನಿದ್ದೆಯಂತೆ! ಹೊಲ ಕೇಳಿದ್ದೇನೆ, ಒಡವೆ ಕೇಳಿದ್ದೇನೆ.

ಶಕುಂತಲಾ ಎದ್ದು ಹೋಗಿ ಕೂಸನ್ನು ಗೌಡರ ತೊಡೆಯ ಮೇಲೆ ಮಲಗಿಸಿ ದೂರ ನಿಂತಳು. ಸರ್ವಮಂಗಳಾ ಗೌಡರನ್ನು ನೋಡಿದಳು. ನಾಲ್ಕು ದಿನದಿಂದ ಮುಚ್ಚದ ಕಣ್ಣು, ಕೆಂಪಗೆ. ಆ ಬಡಕಲು ಕೈ ಗೌಡರ ಎದೆಯ ಮೇಲೆ ಹೊರಗಿನಿಂದ ಒಳಗೆ ಗುಡಿಸಿತು, ಮತ್ತೆ ಗುಡಿಸಿತು. ಗುಡಿಸುವ ಆ ಕೈಯನ್ನು ಗೌಡರು ಹಿಡಿದುಕೊಂಡರು.

“ತಗದಬಿಡವಾ, ಮೂರೂ ತಗದಬಿಡು,” ಎಂದರು. “ಇಂಥಾ ನಿದ್ದಿ ತಗೊಂಡು ಏನು ಮಾಡ್ಲಿ.”

ಅಲ್ಲಿಂದ ಮುಂದೆ ಯಾರನ್ನೂ ಕೇಳಬೇಕಾಗಲಿಲ್ಲ. ಸಾಲು ಹಚ್ಚಿ ಬಂದರು. ನಾನೂ ಕೊಟ್ಟೆ, ಈಗ ನನಗೆ ಮಲಗಲು ನೆಲವೇ ಬೇಕು, ಬಸ್ಸಿನಲ್ಲಿ ಪಿಳಿಪಿಳಿ ಕಣ್ಣು ಬಿಟ್ಟು ಕೂತಿರುತ್ತೇನೆ. ಸೀರೆಯವಳೂ ಕೊಟ್ಟಳು. ದಾಕ್ಷಾಯಿಣಿ ಒಂದೊಂದಾಗಿ ಬಿಚ್ಚುತ್ತಿದ್ದಳು, ಕಾಕಾ ಪಕ್ಕದ ಸ್ಟೂಲಿನ ಮೇಲೆ ಕೂತು ಬೆರಳು ಮಡಚಿ ಎಣಿಸುತ್ತಿದ್ದರು. ಹನ್ನೊಂದು ಗಂಟೆಗೆ ಎಲ್ಲರದೂ ಮುಗಿಯಿತು. ಒಳಗೆ ನಾವು ಮೂವರೇ. ದಾಕ್ಷಾಯಿಣಿ ಒಟ್ಟು ಎಷ್ಟೆಂದು ನೋಡಿ ಕೈ ಹಿಂತೆಗೆದಳು.

ಇನ್ನೂ ಮೂವತ್ತೆಂಟು ಹೆಚ್ಚಿತ್ತು.

ಮೂವತ್ತೆಂಟು ಎಂದರೆ ಕೊನೆಯ ಹೆಸರು, ಅದರ ಸಾದಾ ಚಿಲಕ, ಅದರ ಹಿಂದಿನ ಹೆಸರಿನ ಅರ್ಧ. ಸತ್ತವರನ್ನು ಮುಟ್ಟುವಂತಿಲ್ಲ, ಅವರಿಗೆ ಶೋಕಿಯೂ ಇರಲಿಲ್ಲ. ಇಡೀ ಸಾಲಿನಲ್ಲಿ ಸಾದಾ ಅಲ್ಲದ ಚಿಲಕ ಒಂದೇ ಒಂದು ಉಳಿದಿತ್ತು, ಅದು ನೂರ ಇಪ್ಪತ್ತಾರು ಜಾಗದ್ದು. ಅದರ ಹತ್ತಿರ ಬಂದಾಗ ಅವಳು ಸರಸರನೆ ದಾಟಿ ಹೋಗಿದ್ದಳು. ತನ್ನ ಕೈಯಾರೆ ಹಾಕಿದ್ದು, ಒಂದು ಜೀವ ಉಳಿಸಲೆಂದು ಹಾಕಿದ್ದು. ಹೊರಗೆ ಅಂಗಳದಲ್ಲಿ ಶಕುಂತಲಾ ಕೂಸಿನ ಹೆಸರು ಕರೆಯುವುದು ಕೇಳಿಸುತ್ತಿತ್ತು.

“ಏನಾತು?” ಎಂದರು ಕಾಕಾ.

“ಏನಿಲ್ರಿ ಕಾಕಾ. ಸ್ವಲ್ಪ ಕಡಿಮಿ ಬಿದ್ದೈತಿ. ಏನರ ಮಾಡ್ತೀನಿ.”

“ನನ್ನ ಹೆಸರು ಯಾಕ ದಾಟಿಸಿದಿ?”

ಅವಳು ಪರದೆಯ ಕಡೆ ತಿರುಗಿಕೊಂಡಳು.

“ನಲವತ್ತು ವರ್ಷ ಮೊಳಿ ಎಣಿಸೇನಿ. ಎಲ್ಲಿ ಎಷ್ಟು ಉಳಿದೈತಿ ಅಂತ ನನಗ ತಿಳಿಯೂದಿಲ್ಲೇನು? ಕೊಂಡಿ ಹಾಕಿದಾಕಿ ನೀನ ಅಂತನೂ ಗೊತ್ತೈತಿ. ಎಂಟು ವರ್ಷ ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ.”

“ಕಾಕಾ, ಅದನ್ನ ನಾ ತಗಿಯೂದಿಲ್ಲ. ನನ್ನ ಕಡೆ ಆಗೂದಿಲ್ಲ.”

“ನೀ ಯಾಕ ತಗೀತಿ? ಜೋಡಿಸಿದ ಮೊಳಿ ಬಿಚ್ಚೂದು ನನ್ನ ಕೆಲಸ.” ಕಾಕಾ ಎದ್ದರು, ಬಾಗಿಲವರೆಗೆ ಹೋಗಿ ತಿರುಗಿ ನಿಂತರು. “ಅರ್ಧ ತಾಸು ಕೊಡು ತಂಗಿ. ಆಕಿಗೆ ಹೇಳಿ ಬರ್ತೀನಿ.”

ಸಂಘದ ಪಡಸಾಲೆಯ ಬೆಂಚಿನ ಮೇಲೆ ಟವೆಲ್ಲು ಮಡಚಿ ತಲೆಗಿಟ್ಟು ಮಲಗಿದರು. ಅಂಗಳದ ತುಂಬ ಜನ. ಏಕೆ, ಏನು ಎಂದು ನಾನೇ ಕಿವಿಯಿಂದ ಕಿವಿಗೆ ಹೇಳಿದೆ. ಊರಿಗೆ ಊರೇ ಒಬ್ಬ ಮುದುಕ ನಿದ್ದೆ ಮಾಡುವುದನ್ನು ಕಾದು ಕೂತಿತು. ಕೂಸುಗಳೂ ಆ ಕಡೆಯೇ ನೋಡುತ್ತಿದ್ದವು. ನಿದ್ದೆಯಲ್ಲಿ ಕಾಕಾನ ತುಟಿ ಅಲುಗಿತು, ಒಮ್ಮೆ ಇಲ್ಲವೆಂಬಂತೆ ತಲೆ ಆಡಿತು, ಬಹಳ ಹೊತ್ತಿನ ಮೇಲೆ ಒಮ್ಮೆ ನಕ್ಕರು. ಗೌಡರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಈ ಆಯುಷ್ಯದಲ್ಲಿ ದೊಡ್ಡದು ಅಂತ ಏನಾದರೂ ಕಂಡಿದ್ದರೆ ಅದೇ ಅರ್ಧ ತಾಸು.

ಎದ್ದು ಮುಖ ತೊಳೆದುಕೊಂಡು ಒಳಗೆ ಬಂದರು. ದಾಕ್ಷಾಯಿಣಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

“ಹೂಂ ಅಂದ್ಲು,” ಎಂದರು ಕಾಕಾ. ಅಷ್ಟೇ.

ಕುರ್ಚಿಯಲ್ಲಿ ಕೂತು, ಕೊಂಡಿಯ ಕೊನೆಯಿಂದ ಶುರುಮಾಡಿ ಒಂದೊಂದೇ ಅಕ್ಷರ ಹಿಂದಕ್ಕೆ ಬಿಚ್ಚುತ್ತ ಬಂದರು. ಛಾಪಖಾನೆಯಲ್ಲಿ ಕೆಲಸ ಮುಗಿದ ಮೊಳೆಗಳನ್ನು ಅವುಗಳ ಖಾನೆಗೆ ಮರಳಿಸುವುದು ಹೀಗೆಯೇ ಅಂತೆ. ಎಲ್ಲೂ ಕೈ ತಡೆಯಲಿಲ್ಲ. ಕೊನೆಗೆ ಲಾಡಸಾಬ ಎಂಬ ಹೆಸರು, ಸಾದಾ ಚಿಲಕದಲ್ಲಿ, ಎಲ್ಲರಂತೆ ಉಳಿಯಿತು.

ಈ ಸಲ ದಾಕ್ಷಾಯಿಣಿ ಅಂಗಳಕ್ಕೆ ಬಂದು ತೊಟ್ಟಿಲಿನ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಸಾವಿರದ ಮುನ್ನೂರು ಹೆಸರು. ಒಬ್ಬರೂ ಎದ್ದುಹೋಗಲಿಲ್ಲ. ಅಡುಗೆಗೆ ಹೊತ್ತಾಯಿತು ಎನ್ನಲಿಲ್ಲ. ಸತ್ತವರ ಹೆಸರು ಬಂದಾಗ ಅವರ ಮನೆಯವರು ಮೆಲ್ಲಗೆ “ಐತಿ” ಎಂದರು, ಇದ್ದವರು ತಮ್ಮ ಹೆಸರಿಗೆ ತಾವೇ ಅಂದರು. ಕೊನೆಗೆ ಐದು ಕೂಸು. ಸರ್ವಮಂಗಳಾ ಎಂದಾಗ ಇಡೀ ಅಂಗಳ ಒಂದೇ ಬಾಯಿಂದ “ಐತಿ” ಎಂದಿತು. ಅವಳು ಒಳಗೆ ಹೋಗಿ ಏರಿಸುವ ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳಿತು, ತೆವಳಿತು, ನಿಂತಿತು, ಮತ್ತೆ ತೆವಳಿತು.

ಸರ್ವಮಂಗಳೆಯ ಕೈ ಗುಡಿಸುತ್ತ ಗುಡಿಸುತ್ತ ನಡುವೆ ನಿಂತಿತು. ಬೆರಳು ಮಡಚಿಕೊಂಡವು. ಅವಳು ತಾಯಿಯನ್ನು ನೋಡಿದಳು, ಕೊನೆಯ ಸಲ ಒಮ್ಮೆ ಎಲ್ಲರನ್ನೂ ನೋಡಿದಂತೆ ಮಾಡಿದಳು, ಕಣ್ಣು ಮುಚ್ಚಿದಳು. ಶಕುಂತಲಾ ಹೌಹಾರಿ ಮೂಗಿನ ಹತ್ತಿರ ಬೆರಳಿಟ್ಟು, “ಉಸಿರು ಐತಿ, ಅಕ್ಕಾರ! ಮಲಗ್ಯಾಳ!” ಎಂದು ಪಿಸುಗುಟ್ಟಿದಳು. ಅದೇ ಗಳಿಗೆಗೆ ಊರ ತುಂಬ ಮನೆಮನೆಯಿಂದ ಸರಬರ ಸದ್ದು ಬಂತು, ಕಸಬರಿಗೆಗಳು ಎದ್ದು ಮೈಮುರಿದ ಸದ್ದು. ನನ್ನ ಕಂಕುಳಲ್ಲಿದ್ದದ್ದು ಚುಚ್ಚಿತು. ನಾಲ್ಕು ದಿನದಿಂದ ಎಚ್ಚರವಿದ್ದ ತಾಯಂದಿರು ಕೂತಲ್ಲೇ ಉರುಳಿದರು, ಅವರನ್ನು ನೋಡುತ್ತ ಉಳಿದವರೂ ಉರುಳಿದರು. ನಡುಮಧ್ಯಾಹ್ನ, ಬೇವಿನ ನೆರಳಲ್ಲಿ, ಗೌಡ ಬಡಿಗ ಎನ್ನದೆ ಊರೆಲ್ಲ ಸಾದಾ ನಿದ್ದೆ ಮಾಡಿತು. ಗೊರಕೆ ಕೂಡ ಒಂದೇ ಸಮ ಇತ್ತು.

ಕಾಕಾ ಒಬ್ಬರು ಪಡಸಾಲೆಯ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ದಾಕ್ಷಾಯಿಣಿ ಸೊಸೆಯನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತಳು. ನಾನು ಮೂರು ಕಪ್ ಚಾ ತಂದಿಟ್ಟೆ.

“ನಿದ್ದಿ ಬರವಲ್ದೇನ್ರಿ ಕಾಕಾ?”

“ಬರಾಕತ್ತೇತಿ. ನಾನ ತಡಕೊಂಡೇನಿ. ಕಣ್ಣು ಮುಚ್ಚಿದ್ರ ಖಾಲಿ ಇರತೈತಿ, ಅಂಜಿಕಿ ಬರ್ತೈತಿ ನೋಡು.”

ದಾಕ್ಷಾಯಿಣಿಗೆ ಏನು ಹೇಳಿದರೂ ಸಣ್ಣದಾಗುತ್ತದೆ ಎನ್ನಿಸಿತಂತೆ. “ಮಾಲನಬಿ ಕಾಕೂ ಹೆಂಗಿದ್ರು?” ಎಂದಷ್ಟೇ ಕೇಳಿದಳು.

ಕಾಕಾ ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಹುಬ್ಬು ಗಂಟಿಕ್ಕಿ ಕೂತರು. ಕಳೆದ ವಸ್ತುವನ್ನು ಮನೆಯೆಲ್ಲ ಹುಡುಕುವವರ ಹಾಗೆ ಅವರ ಕಣ್ಣು ಅತ್ತಿತ್ತ ಆಡಿತು. ನಂತರ ಅವರ ಮುಖವೇ ಬೇರೆಯಾಯಿತು.

“ಕಬ್ಬು ತಿನ್ನಾಕತ್ತಿದ್ಲು,” ಎಂದರು. “ನಾ ಮೊದಲ ಸಲ ನೋಡಿದಾಗ. ಹದಿನೆಂಟು ವರ್ಷದಾಕಿ, ಓಡೋ ಚಕ್ಕಡಿ ಹಿಂದ ಕುಂತು ಕಾಲು ಜೋತು ಬಿಟ್ಟು ಕಬ್ಬು ಸಿಗದು ಉಗಳತಿದ್ಲು. ಸಿಪ್ಪಿ ನನ್ನ ಸೈಕಲ್‌ಗೆ ಬಡೀತು. ಎಷ್ಟು ನಕ್ಕಳಂತಿ! ಅಲ್ಲಾ, ಇದನ್ನ ಹೆಂಗ ಮರತಿದ್ದೆ ತಂಗಿ ನಾನು? ಎಂಟು ವರ್ಷ ದಿನಾ ಸಿಗತಿದ್ಲು. ನೆನಸೋ ಜರೂರತ್ತ ಬೀಳಲಿಲ್ಲ.”

ಚಾ ಆರಿ ಮೇಲೆ ಕೆನೆ ಕಟ್ಟುವವರೆಗೂ ಅವರು ಹೇಳುತ್ತಲೇ ಇದ್ದರು. ದಾಕ್ಷಾಯಿಣಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಲೇ ಇದ್ದಳು, ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ.